ಮಡಿಯಾದ ಎಂಜಿನ್

ದೇವರ ಕೋಣೆಗೆ ಮಡಿ ಬೇಕೆಂಬುದನ್ನು ಎಲ್ಲರೂ ಬಲ್ಲೆವು. ಅಡುಗೆಮನೆಯ ಮಡಿಗಾಗಿ ಮೊಮ್ಮಕ್ಕಳನ್ನು ಹೊಸ್ತಿಲಾಚೆಗೇ ತಡೆದು ನಿಲ್ಲಿಸಿದ ಅಜ್ಜಿಯರನ್ನೂ ಕಂಡಿದ್ದೇವೆ. ಆದರೆ ಮಸಿ, ಜಿಡ್ಡು, ಹೊಗೆಗಳೆಂಬ ತ್ರಿದೋಷಗಳ ನಡುವೆಯೇ ಬದುಕುವ ಮೋಟಾರು ಎಂಜಿನ್ನಿಗೂ ಮಡಿಯುಂಟೆಂದು ನಂಬಿ, ಆ ನಂಬಿಕೆಯನ್ನು ಜಲಾಭಿಷೇಕಪೂರ್ವಕವಾಗಿ ಆಚರಿಸುವ ಮಹನೀಯರು ಊರಿಗೊಬ್ಬರಂತೆ ಇದ್ದೇ ಇರುತ್ತಾರೆಂಬುದು ನನಗೆ ತಡವಾಗಿ ತಿಳಿಯಿತು. ನಮ್ಮ ಮುಕ್ಕುಂದದ ಪಾಲಿಗೆ ಬಂದವರು ಒಬ್ಬ ನಿವೃತ್ತ ಮಾಸ್ತರರು. ಅವರ ಕಾರು ಕಾರ್ಬ್ಯುರೇಟರಿನ ಕಾಲದ ಮಾರುತಿ 800. ಅದು ಓಡಿದ ಹೊತ್ತಿಗಿಂತ ಬಾನೆಟ್ಟು ತೆರೆದು ನಿಂತ ಹೊತ್ತೇ ಹೆಚ್ಚು. ದಾರಿಹೋಕರು ನಿಂತು, ಇಣುಕಿ, ತಲೆದೂಗದ ಹೊರತು ಆ ಬಾನೆಟ್ಟು ಮುಚ್ಚತಕ್ಕದ್ದಲ್ಲವೆಂಬುದು ಅಲ್ಲಿಯ ನಿಯಮ.

ಇಂಥವರು ಬೇರೆ ಕಡೆಯೂ ಇದ್ದಾರು; ಆದರೆ ನಮ್ಮವರಿಗೆ ನೀರಿನ ಬಡತನವಿಲ್ಲ. ಒಂದು ಮಗ್ಗುಲಿಗೆ ತುಂಗಭದ್ರೆಯೇ ಇದ್ದಾಳೆ. ಅದಲ್ಲದೆ 1953ರಲ್ಲಿ ಅಣೆಕಟ್ಟು ನಿಂತು, ಎಡದಂಡೆಯ ಕಾಲುವೆ ಸಿಂಧನೂರು ಸೀಮೆಗೆ ಹರಿದುಬಂದ ಮೇಲೆ, ಜೋಳ ಬಿತ್ತಿ ಮುಗಿಲು ನೋಡುತ್ತಿದ್ದ ಜನ ಕೆಸರಿನಲ್ಲಿ ನಿಂತು ನೆಲ್ಲು ನಡುವುದನ್ನು ಕಲಿತರು. ಕಲಿತದ್ದು ಅಷ್ಟಕ್ಕೇ ನಿಲ್ಲದೆ, ಯಾವ ವಸ್ತುವಿಗಾದರೂ ನೀರು ನಿಲ್ಲಿಸಿದರೆ ಅದು ಸುಧಾರಿಸುವುದೆಂಬ ಸಿದ್ಧಾಂತವೂ ನಮ್ಮ ರಕ್ತದಲ್ಲಿ ಸೇರಿಕೊಂಡಿತು.

ಖಂಡೇಪೂಜೆಯ ಮುಂಜಾನೆ ಮಾಸ್ತರರು ಹೂವು, ನಿಂಬೆಹಣ್ಣು, ಬೂದುಗುಂಬಳಗಳನ್ನು ತರಲು ಸಿಂಧನೂರಿಗೆ ಕಾರಿನಲ್ಲಿಯೇ ಹೋಗಿಬಂದರು. ಬಂದವರೇ ಬಾನೆಟ್ಟು ಎತ್ತಿ, ಕಾಯ್ದು ಕೆಂಡವಾಗಿದ್ದ ಎಂಜಿನ್ನಿನ ಮೇಲೆ ಒಂದು ಕೊಡ ತಣ್ಣೀರನ್ನು ಸಂಕಲ್ಪವಿಲ್ಲದೆಯೇ ಸುರಿದುಬಿಟ್ಟರು. ಛೊಂಯ್ ಎಂದು ಎದ್ದ ಹಬೆಯಲ್ಲಿ ಅವರ ಕನ್ನಡಕ ಕುರುಡಾಯಿತು. ಅಂಥ ಬಿಸಿಯ ಮೇಲೆ ಅಂಥ ತಂಪು ಬಿದ್ದರೆ ಎರಕದ ಕಬ್ಬಿಣ ಬಿರುಕುಬಿಡಬಹುದೆಂದು ನಾನು ಹೆದರಿಕೊಂಡೇ ಹೇಳಿದೆ. ‘ಕಾದ ಹಂಚಿಗೆ ನೀರು ಚಿಮುಕಿಸದೆ ದ್ವಾಸಿ ಹೊಯ್ತಾರೇನ್ರಿ?’ ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ಬಳಿಕ ಬಂದದ್ದು ಸೀಮೆಎಣ್ಣೆ. ಅದು ಜಿಡ್ಡನ್ನು ಕರಗಿಸುವುದೇನೋ ನಿಜ. ಆದರೆ ಬಿಸಿಯ ಮೇಲೆ ಬಿದ್ದರೆ ಹೊತ್ತಿಕೊಳ್ಳುವುದೂ, ರಬ್ಬರಿನ ಕೊಳವೆಗಳನ್ನು ಉಬ್ಬಿಸಿ ಮೆತ್ತಗೆ ಮಾಡುವುದೂ ಅಷ್ಟೇ ನಿಜ. ಅಂದು ಹೊತ್ತಿಕೊಳ್ಳದಿದ್ದದ್ದು ಪೂರ್ವಜನ್ಮದ ಸುಕೃತ. ಕಡೆಗೆ, ನೆಲ್ಲಿಗೆ ಔಷಧ ಹೊಡೆಯುವ ಪಂಪನ್ನು ಪಕ್ಕದ ಮನೆಯಿಂದ ತರಿಸಿ, ಅದರ ಮೂತಿಯನ್ನು ಎಂಜಿನ್ನಿನ ಸಂದುಗೊಂದುಗಳಿಗೆಲ್ಲ ತಿರುಗಿಸಿ ತಿರುಗಿಸಿ ಹೊಡೆದರು. ಜಿಡ್ಡಿನ ಪದರ ಕಳಚಿ, ಬ್ಲಾಕಿನ ಮೇಲೆ ಕೊರೆದ ಎಂಜಿನ್ ನಂಬರು ಮೂಡಿದಾಗ ಅವರಿಗಾದ ಹಿಗ್ಗನ್ನು ಏನೆಂದು ವರ್ಣಿಸಲಿ! 1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಸಾಹೇಬನಿಗೂ, ಅದರಲ್ಲಿ ಅಶೋಕನ ಹೆಸರನ್ನೇ ಓದಿದ ಪಂಡಿತರಿಗೂ ಅಷ್ಟು ಸಂಭ್ರಮವಾಗಿತ್ತೋ ಇಲ್ಲವೋ.

ಆರತಿಯಾಯಿತು, ಕುಂಬಳ ಒಡೆಯಿತು, ಚಕ್ರಗಳಡಿಯಲ್ಲಿ ನಿಂಬೆಹಣ್ಣುಗಳು ಕುಳಿತವು. ಮಾಸ್ತರರು ಕೀಲಿ ತಿರುಗಿಸಿದರು. ಖರ್ರ್, ಖರ್ರ್ ಎಂದಿತು, ಮತ್ತೆ ತಿರುಗಿಸಿದರು, ದನಿ ಸಣ್ಣದಾಗುತ್ತ ಬಂದು, ಬ್ಯಾಟರಿಯೂ ಕಣ್ಣುಮುಚ್ಚಿತು. ನಿಂಬೆಹಣ್ಣುಗಳಿಗೆ ಕೂದಲೂ ಕೊಂಕಲಿಲ್ಲ. ಮಡಿಯಾಯಿತೆಂದುಕೊಂಡದ್ದು ಮಡಿದೇಹೋಗಿತ್ತು.

ಸಿಂಧನೂರಿನಿಂದ ಬಂದ ಮೇಸ್ತ್ರಿ ಲಿಂಗಸುಗೂರಿನಾಚೆಯ, ಮಳೆಯನ್ನೇ ನಂಬಿದ ಹಳ್ಳಿಯೊಂದರವನು; ಕೊಡ ನೀರಿಗಾಗಿ ಹರದಾರಿ ನಡೆದವರ ಮಗ. ಅವನು ಬಾನೆಟ್ಟಿನೊಳಗೆ ಒಮ್ಮೆ ಇಣುಕಿ, ‘ಮಾಸ್ತರ್ರ, ಇದೇನ್ ಗದ್ದಿ ಏನ್ರಿ, ನೀರು ನಿಲ್ಸಾಕ?’ ಎಂದನು. ಆಮೇಲೆ ಕುಂಕುಮದ ಭರಣಿಯಷ್ಟು ದೊಡ್ಡದಾದ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಬಿಚ್ಚಿ, ಬೋರಲು ಹಿಡಿದು ತೋರಿಸಿದನು. ಒಳಗೋಡೆಯ ತುಂಬ ಸಾಸಿವೆ ಕಾಳಿನಂಥ ಹನಿಗಳು. ಸಾವಿರಾರು ವೋಲ್ಟಿನ ವಿದ್ಯುತ್ತನ್ನು ಮೂರು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವ ಆ ಭರಣಿಯೊಳಗೆ ತೇವ ಸೇರಿತೆಂದರೆ, ಕಾಲುವೆಯ ಮೇಲ್ಭಾಗದವರು ರಾತ್ರೋರಾತ್ರಿ ಪೈಪು ಇಳಿಸಿ ನೀರೆಳೆದುಕೊಂಡಂತೆ ವಿದ್ಯುತ್ತು ನಡುದಾರಿಯಲ್ಲಿಯೇ ಸೋರಿಹೋಗುತ್ತದೆ. ಕೊನೆಭಾಗದ ರೈತನಂತೆ ಪ್ಲಗ್ಗು ಬಾಯಿಬಿಟ್ಟುಕೊಂಡು ಕುಳಿತಿರುತ್ತದೆ. ಕಿಡಿಯಿಲ್ಲದ ಮೇಲೆ ಪೆಟ್ರೋಲು ಎಷ್ಟಿದ್ದರೇನು? ‘ನಮ್ಮ ಟ್ರ್ಯಾಕ್ಟರ್ ದಿನಾ ತೊಳೆದ್ರೂ ಏನೂ ಆಗಲ್ಲ’ ಎಂದು ನೆರೆದವರೊಬ್ಬರು ಹೆಮ್ಮೆಪಟ್ಟರು. ಡೀಸೆಲ್ ಎಂಜಿನ್ನು ಗಾಳಿಯನ್ನು ಒತ್ತಿ ಕಾಯಿಸಿಯೇ ಬೆಂಕಿ ಹೊತ್ತಿಸಿಕೊಳ್ಳುವ ಜಾತಿ, ಅದಕ್ಕೆ ಕಿಡಿಯ ಹಂಗಿಲ್ಲವೆಂದು ಮೇಸ್ತ್ರಿ ತಿಳಿಸಿಕೊಟ್ಟನು.

ಅವನು ಮುಚ್ಚಳವನ್ನು ಒಣಬಟ್ಟೆಯಿಂದ ಒರಸಿ, ಕೂಸನ್ನು ಎಣ್ಣೆ ಹಚ್ಚಿ ಮಲಗಿಸಿದಂತೆ ಬಿಸಿಲಿಗೆ ಇಟ್ಟನು. ಪ್ಲಗ್ಗುಗಳನ್ನು ಬಿಚ್ಚಿ ಒರಸಿದನು. ತನ್ನ ಬ್ಯಾಟರಿಯಿಂದ ತಂತಿ ಕೊಟ್ಟು, ಎಂಜಿನ್ನನ್ನು ಎಬ್ಬಿಸಿಯೇಬಿಟ್ಟನು. ಮೊದಲು ಎರಡು ಸಿಲಿಂಡರುಗಳು ಮಾತನಾಡಿದವು. ಮೂರನೆಯದು ಮುನಿಸು ಬಿಡಲು ಮತ್ತಷ್ಟು ಹೊತ್ತು ಹಿಡಿಯಿತು. ಹೊರಡುವ ಮುನ್ನ ಅವನು ಉಪದೇಶಿಸಿದ ಎಂಜಿನ್ ಮಡಿಯ ಕ್ರಮವು ಎಷ್ಟು ಮಿತವ್ಯಯದ್ದೆಂದರೆ ಮಾಸ್ತರರಿಗೆ ಅದು ಅಪಮಾನವೆನಿಸಿತು. ಕೈಯಿಟ್ಟರೆ ಸುಡದಷ್ಟು ಎಂಜಿನ್ನು ಆರಬೇಕು. ಬ್ಯಾಟರಿಯ ಮೈನಸ್ ತಂತಿ ಕಳಚಬೇಕು. ಡಿಸ್ಟ್ರಿಬ್ಯೂಟರು, ಆಲ್ಟರ್ನೇಟರು, ಫ್ಯೂಸಿನ ಪೆಟ್ಟಿಗೆ, ಗಾಳಿ ಎಳೆಯುವ ಮೂತಿ, ಇವಕ್ಕೆಲ್ಲ ಪ್ಲಾಸ್ಟಿಕ್ ಕಟ್ಟಬೇಕು. ಒಣ ಬ್ರಷ್ಷಿನಿಂದ ಹೊಟ್ಟುಧೂಳು ಉದುರಿಸಿ, ಜಿಡ್ಡಿದ್ದಲ್ಲಿ ಮಾತ್ರ ಜಿಡ್ಡುತೆಗೆಯುವ ದ್ರಾವಣ ಹಚ್ಚಿ, ಹಿಂಡಿದ ಬಟ್ಟೆಯಿಂದ ಒರಸಬೇಕು. ನೀರು ಬೇಕೇಬೇಕೆಂದರೆ ಒಂದು ತಂಬಿಗೆ, ಅದೂ ಚಿಮುಕಿಸಿ. ‘ಒಂದು ತಂಬಿಗಿ!’ ಎಂದು ಮಾಸ್ತರರು ನದಿಯ ಕಡೆಗೊಮ್ಮೆ ನೋಡಿ ನಿಟ್ಟುಸಿರಿಟ್ಟರು.

ಆದರೂ ಅವರು ಕಲಿಸಿದವರು ಮಾತ್ರವಲ್ಲ, ಕಲಿಯಬಲ್ಲವರೂ ಅಹುದು. ಎರಡು ವಾರಗಳ ಬಳಿಕ ನನ್ನನ್ನು ಕರೆದು, ಅಕ್ಷರಕ್ಷರವೂ ಮೇಸ್ತ್ರಿ ಹೇಳಿದಂತೆಯೇ ನಡೆದುಕೊಂಡು, ಒಂದೇ ತಂಬಿಗೆಯಲ್ಲಿ ಮುಗಿಸಿ, ಮಿಕ್ಕ ನೀರನ್ನು ತುಳಸಿಗೆರೆದು, ಗಂಟೆಗಟ್ಟಲೆ ಬಿಸಿಲಿಗೆ ಬಿಟ್ಟು, ಕಟ್ಟಿದ್ದ ಚೀಲಗಳನ್ನು ಒಂದೊಂದಾಗಿ ಬಿಚ್ಚಿ ಮಡಚಿಟ್ಟು, ಬ್ಯಾಟರಿಯ ತಂತಿ ಜೋಡಿಸಿ, ಕೀಲಿ ತಿರುಗಿಸಿದರು. ಎಂಜಿನ್ನು ತಕ್ಷಣ ಎದ್ದಿತು. ಮಾಸ್ತರರು ನನ್ನ ಕಡೆಗೆ ತಿರುಗಿ ಮೀಸೆ ಮುಟ್ಟಿಕೊಳ್ಳುವಷ್ಟರಲ್ಲಿ ಅದು ಬಿಕ್ಕಳಿಸಿ ನಿಂತಿತು. ಮತ್ತೆ ಎದ್ದಿತು, ಮತ್ತೆ ಬಿಕ್ಕಳಿಸಿತು.

ಮತ್ತೆ ಮೇಸ್ತ್ರಿಯೇ ಬರಬೇಕಾಯಿತು. ಅವನು ಎಲ್ಲಿಯೂ ಪಾನಾ ಹಚ್ಚಲಿಲ್ಲ. ಗಾಳಿ ಎಳೆಯುವ ಮೂತಿಯೊಳಗೆ ಎರಡು ಬೆರಳಿಟ್ಟು, ಒಳಕ್ಕೆ ಹೀರಿಕೊಂಡು ಮುದ್ದೆಯಾಗಿದ್ದ ಹಾಲಿನ ಪಾಕೀಟನ್ನು ಮೆಲ್ಲನೆ ಎಳೆದು ಮಾಸ್ತರರ ಅಂಗೈಯಲ್ಲಿಟ್ಟನು.

‘ಜಳಕ ಚಲೋ ಆಗೈತ್ರಿ. ಮೂಗೀನ ಬಟ್ಟಿ ಒಂದು ಬಿಚ್ಚೋದು ಮರ್ತೀರಿ.’