ಆಯುಧಪೂಜೆಯ ದಿನದ ಅಪ್‌ಡೇಟ್

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಆಯುಧಪೂಜೆ ಬಂತೆಂದರೆ ಹೊಲಿಗೆ ಮಷಿನ್ನಿಗೂ ಕುಂಕುಮ, ನಿಟ್ಟಿಂಗ್ ಮಷಿನ್ನಿಗೂ ಕುಂಕುಮ, ಕೆಲಸದವರಿಗೆಲ್ಲ ಪೊರಿ-ಕಡಲೆ. ಮೂಲೆಯ ಸರ್ವರ್‌ಗೂ ಒಂದು ಬೊಟ್ಟು ಸಿಗುತ್ತದೆ. ಅದನ್ನು ಗಾಳಿಯಾಡುವ ಕಿಂಡಿಯ ಮೇಲೆಯೇ ಇಡುತ್ತಾರೆ, ಇರಲಿ. ಉಳಿದ ಯಂತ್ರಗಳಿಗೆ ರಜೆಯಾದ ಈ ಹೊತ್ತೇ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿಯನ್ನು ನೋಡಿಕೊಳ್ಳುವವರಿಗೆ ಅಪ್‌ಡೇಟಿನ ಮುಹೂರ್ತ.

1993ರಲ್ಲಿ ಹುಟ್ಟಿದ ಈ ವ್ಯವಸ್ಥೆಯಲ್ಲಿ ಕರ್ನಲ್ಲೂ ಯೂಸರ್‌ಲ್ಯಾಂಡೂ ಒಂದೇ ತಂಡದ ಕೈಯಲ್ಲಿ ತಯಾರಾಗುತ್ತವೆ. ಲಿನಕ್ಸ್‌ನಲ್ಲಿ ಹಾಗಲ್ಲ, ಕರ್ನಲ್ ಒಬ್ಬರದು, ಸುತ್ತಲಿನ ಸರಂಜಾಮು ಹತ್ತಾರು ಜನರದು. ಒಂದೇ ಮನೆಯವಾದರೂ ಇವೆರಡೂ ಜೊತೆಯಾಗಿ ಹೊಸ ಆವೃತ್ತಿಗೆ ಹೋಗುವುದಿಲ್ಲ. ಇನ್‌ಸ್ಟಾಲ್ ಆಜ್ಞೆ ಒಮ್ಮೆ ಕೊಟ್ಟರೆ ಕರ್ನಲ್ ಬಂದು ಕೂರುತ್ತದೆ. ರೀಬೂಟ್ ಮಾಡಿ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಯೂಸರ್‌ಲ್ಯಾಂಡ್ ಬರುತ್ತದೆ. ದೊಡ್ಡ ಆವೃತ್ತಿಯಾದರೆ ಪ್ಯಾಕೇಜುಗಳನ್ನೆಲ್ಲ ಹೊಸದು ಮಾಡಿ, ಹಳೆಯ ಲೈಬ್ರರಿಗಳನ್ನು ಕಳಿಸಿಕೊಡಲು ಮೂರನೆಯ ಸಲ. ಮೊದಲ ಸಲಕ್ಕೇ ಮುಗಿಯಿತೆಂದು ಬೈಕ್ ಹತ್ತುವವರುಂಟು. ಮರುದಿನ ವಿಜಯದಶಮಿ, ಕೊಯಮತ್ತೂರಿನ ರಾಜವೀದಿಯ ಚೌಡೇಶ್ವರಿ ಗುಡಿಗೆ ದೇವಾಂಗರ ಕತ್ತಿ ಮೆರವಣಿಗೆ ಬರುವ ದಿನ. ಅವಸರ ಅರ್ಥವಾಗುತ್ತದೆ, ಕ್ಷಮಿಸಲಾಗುವುದಿಲ್ಲ.

ಕರ್ನಲ್ಲಿಗೇಕೆ ಮೊದಲ ಪಂಕ್ತಿ? ಹಳೆಯ ಪ್ರೋಗ್ರಾಮುಗಳು ಕೇಳುವುದು ಹೊಸ ಕರ್ನಲ್ಲಿಗೆ ಗೊತ್ತು, ಹಿಂದಿನವರ ಲೆಕ್ಕವನ್ನೂ ಅದರೊಳಗೆ ಇಟ್ಟಿರುತ್ತಾರೆ. ಹೊಸ ಪ್ರೋಗ್ರಾಮು ಕೇಳುವುದು ಹಳೆಯ ಕರ್ನಲ್ಲಿಗೆ ಗೊತ್ತಿರಬೇಕೆಂದಿಲ್ಲ. ಆಗ 'ಬ್ಯಾಡ್ ಸಿಸ್ಟಮ್ ಕಾಲ್' ಎಂದು ಒಂದೇ ಸಾಲು ಬರೆದು ಪ್ರೋಗ್ರಾಮು ಮಲಗುತ್ತದೆ.

ನಮ್ಮ ದೇವಾಂಗರ ಬಾಯಿಗೆ ಮಾತ್ರ ಈ ನಿಯಮ ಅನ್ವಯಿಸಿದಂತಿಲ್ಲ. ವಿಜಯನಗರದ ಕಾಲದಲ್ಲಿ ಬಂದದ್ದೆಂದು ಹಿರಿಯರು ಹೇಳುವ ಕನ್ನಡದ ಕರ್ನಲ್ ಮೇಲೆ ನಿನ್ನೆ ಮೊನ್ನೆಯ ಕೊಂಗು ತಮಿಳು ಸಲೀಸಾಗಿ ಓಡುತ್ತದೆ. ಬೆಂಗಳೂರಿನ ನೆಂಟರು ಬಂದಾಗಷ್ಟೇ ಕ್ರ್ಯಾಶ್.

ಇನ್ನು ಗಾಬರಿಯ ಮಾತು. ಸಣ್ಣ ಪ್ಯಾಚುಗಳಾದ ಮೇಲೆ ಯುನೇಮ್ 'ಪಿ1' ಎನ್ನುತ್ತದೆ, ಯೂಸರ್‌ಲ್ಯಾಂಡ್ 'ಪಿ3' ಎನ್ನುತ್ತದೆ. ಅಪ್‌ಡೇಟ್ ಕೆಟ್ಟಿತೆಂದು ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ. ಏನೂ ಕೆಟ್ಟಿಲ್ಲ. ಆ ಪ್ಯಾಚು ಕರ್ನಲ್ಲನ್ನು ಮುಟ್ಟಲೇ ಇಲ್ಲ, ಅದರ ಸಂಖ್ಯೆ ಏಕೆ ಏರಬೇಕು? ಯುನೇಮ್ ಹೇಳುವುದು ಓಡುತ್ತಿರುವ ಕರ್ನಲ್ಲಿನ ಸುದ್ದಿ ಮಾತ್ರ. ಪೂರ್ತಿ ಜಾತಕ ಬೇಕಾದರೆ 'ಫ್ರೀಬಿಎಸ್‌ಡಿ-ವರ್ಷನ್' ಆಜ್ಞೆಯಿದೆ. '-ಕೆ' ಎಂದರೆ ಡಿಸ್ಕಿನಲ್ಲಿರುವ ಕರ್ನಲ್, '-ಆರ್' ಎಂದರೆ ಓಡುತ್ತಿರುವುದು, '-ಯು' ಎಂದರೆ ಯೂಸರ್‌ಲ್ಯಾಂಡ್. ಮೊದಲೆರಡು ಬೇರೆ ಬೇರೆ ಬಂದರೆ ರೀಬೂಟ್ ಬಾಕಿ ಇದೆ ಎಂದೇ ಅರ್ಥ.

ನಿಮ್ಮ ಸರ್ವರಿನಲ್ಲಿ ಜೈಲುಗಳು, ಅಂದರೆ ಪ್ರೋಗ್ರಾಮುಗಳನ್ನು ಬೇರೆಯಾಗಿ ಕೂಡಿಹಾಕುವ ಕೋಣೆಗಳು, ಇದ್ದರೆ ಅವನ್ನೂ ವಿಚಾರಿಸಿಕೊಳ್ಳಿ. ಜೈಲಿಗೆ ಸ್ವಂತ ಕರ್ನಲ್ ಇಲ್ಲ. ಅದರ ಯೂಸರ್‌ಲ್ಯಾಂಡ್ ಹೊರಗಿನ ಕರ್ನಲ್ಲಿಗಿಂತ ಹೊಸದಾಗಿರಕೂಡದು.