ವಿಕೃತ ಕಾರ್ಡ್ ಮೀಮಾಂಸೆ, ಅಥವಾ ಯುಕುಲೇಲಿಯಲ್ಲಿ ಜಿ-ಸೆವೆನ್ ಕೆಡಿಸುವ ಎಂಟು ವಿಧಾನಗಳು

ಶಾಸ್ತ್ರ ಎಂದ ಮೇಲೆ ಮೊದಲು ಅಧಿಕಾರಿಯ ಲಕ್ಷಣ ಹೇಳಬೇಕು. ಸಿ, ಎಫ್, ಜಿ-ಸೆವೆನ್ ಎಂಬ ಮೂರೇ ಕಾರ್ಡ್‌ಗಳಲ್ಲಿ ನೆಂಟರಿಷ್ಟರನ್ನೆಲ್ಲ ಹಾಡಿಸಿ, ಭೇಷ್ ಅನ್ನಿಸಿಕೊಂಡು, ಅಷ್ಟಕ್ಕೇ ಸುಮ್ಮನಿರಲಾರದವನು ಈ ಶಾಸ್ತ್ರಕ್ಕೆ ಅಧಿಕಾರಿ. ಸುಮ್ಮನಿರಬಲ್ಲವರು ಸುಖವಾಗಿರಲಿ.

ವಾದ್ಯದ ವಂಶಾವಳಿ ಸ್ಪಷ್ಟವಾಗಿದೆ. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗೀಸರ ಮಡೈರಾ ದ್ವೀಪದಿಂದ ಹೊನೊಲುಲುವಿಗೆ ಕಬ್ಬಿನ ತೋಟದ ಕೂಲಿಗಳನ್ನು ಹೊತ್ತು ತಂದಿತು. ಅವರೊಳಗೆ ನುನೆಸ್, ಡಿಯಾಸ್, ಎಸ್ಪಿರಿಟೊ ಸ್ಯಾಂಟೊ ಎಂಬ ಮೂವರು ಬಡಗಿಗಳಿದ್ದರು. ಅವರ ಊರಿನ ಪುಟ್ಟ ತಂತಿವಾದ್ಯವೇ ಹವಾಯಿಯಲ್ಲಿ ಯುಕುಲೇಲಿಯಾಯಿತು; ದೊರೆ ಕಲಾಕೌವಾ ಅದಕ್ಕೆ ಅರಮನೆಯ ಬಾಗಿಲು ತೆರೆದ. ‘ಈ ಆಟಿಕೆಯಲ್ಲಿ ಜಾಝ್ ಎಲ್ಲಿಂದ ಬರಬೇಕು?’ ಎಂಬ ಪೂರ್ವಪಕ್ಷವನ್ನು ಲೈಲ್ ರಿಟ್ಜ್ 1957ರ ‘ಹೌ ಅಬೌಟ್ ಯೂಕ್?’ ಆಲ್ಬಂನಲ್ಲೇ ಖಂಡಿಸಿದ್ದಾನೆ.

ಇನ್ನು ಸಮಸ್ಯೆ. ಜಿ-ಸೆವೆನ್‌ನಲ್ಲಿ ಜಿ, ಬಿ, ಡಿ, ಎಫ್ ಎಂಬ ನಾಲ್ಕು ಸ್ವರ. ಅದರ ಐದನೆಯದನ್ನೂ ಮೇಲೆ ಸೇರುವ ಒಂಬತ್ತನೆಯದನ್ನೂ ಅರ್ಧ ಸ್ವರ ಏರಿಸಿದರೆ ಅಥವಾ ಇಳಿಸಿದರೆ ಆಲ್ಟರ್ಡ್ ಕಾರ್ಡ್. ಎಲ್ಲ ವಿಕಾರಗಳನ್ನೂ ಕೂಡಿಸಿದ ಆಲ್ಟರ್ಡ್ ಸ್ಕೇಲ್‌ನಲ್ಲಿ ಏಳು ಸ್ವರ. ವಾದ್ಯಕ್ಕೋ ನಾಲ್ಕೇ ತಂತಿ. ನಾಲ್ಕು ಮಣೆ ಹಾಕಿದ ಮನೆಗೆ ಏಳು ಮಂದಿ ಉಂಡೇಳಲು ಬಂದಂತೆ. ಸಿದ್ಧಾಂತ ಕಠೋರವಾಗಿದೆ: ಮೊದಲು ಮನೆಯ ಯಜಮಾನನನ್ನೇ, ಅಂದರೆ ಮೂಲಸ್ವರ ಜಿಯನ್ನೇ, ಪಂಕ್ತಿಯಿಂದ ಎಬ್ಬಿಸತಕ್ಕದ್ದು.

ಪ್ರಯೋಗವಿಧಿ ಹೀಗಿದೆ. ಜಿ, ಸಿ, ಇ, ಎ ತಂತಿಗಳ ಕ್ರಮದಲ್ಲಿ ಜಿ-ಸೆವೆನ್‌ನ ಫ್ರೆಟ್ಟುಗಳು 0-2-1-2. ಇದರಲ್ಲಿ ಇ ತಂತಿಯ ಎಫ್, ಎ ತಂತಿಯ ಬಿ ಕದಲಕೂಡದು. ಕಾರ್ಡ್‌ನ ಕುಲಗೋತ್ರ ತಿಳಿಯುವುದು ಇವೆರಡರಿಂದಲೇ. ಕಿಡಿಗೇಡಿತನವೆಲ್ಲ ಉಳಿದೆರಡು ತಂತಿಗಳದ್ದು. ಜಿ ತಂತಿಯನ್ನು 1ನೇ ಫ್ರೆಟ್ಟಿಗೊತ್ತಿದರೆ ಫ್ಲಾಟ್ ನೈನ್, 3ನೆಯದಕ್ಕೊತ್ತಿದರೆ ಶಾರ್ಪ್ ನೈನ್. ಸಿ ತಂತಿಯಲ್ಲಿ ಬೆರಳು 2ರಿಂದ 1ಕ್ಕೆ ಇಳಿದರೆ ಫ್ಲಾಟ್ ಫೈವ್, 3ಕ್ಕೆ ಏರಿದರೆ ಶಾರ್ಪ್ ಫೈವ್. ಬಿಡಿಯಾಗಿ ನಾಲ್ಕು, ಜೋಡಿಯಾಗಿ ನಾಲ್ಕು, ಒಟ್ಟು ಎಂಟು.

ಎಂಟರಲ್ಲಿ ಪಟ್ಟದ ರಾಣಿ 1-1-1-2. ತೋರುಬೆರಳನ್ನು ಅಡ್ಡ ಒತ್ತಿ, ನಡುಬೆರಳನ್ನು ಎ ತಂತಿಗೆ ಇಟ್ಟರೆ ಎ-ಫ್ಲಾಟ್, ಡಿ-ಫ್ಲಾಟ್, ಎಫ್, ಬಿ. ಬಳಿಕ ಸಿ ಕಾರ್ಡ್‌ನ 0-0-0-3ಕ್ಕೆ ಬಂದರೆ ಮೂರು ಸ್ವರ ಅರ್ಧ ಮೆಟ್ಟಿಲು ಇಳಿಯುತ್ತವೆ, ಒಂದು ಅರ್ಧ ಮೆಟ್ಟಿಲು ಏರುತ್ತದೆ. ಇಷ್ಟು ಸೋಮಾರಿ ಪಾಂಡಿತ್ಯ ಬೇರೆಡೆ ಸಿಗುವುದು ಕಷ್ಟ.

ಆದರೆ ಆರ್ಪೆಜಿಯೊ ಎಂದರೆ ಒಂದೊಂದೇ ಸ್ವರ ಮೀಟುವುದು. ಸೋಮಾರಿತನ ಮುಗಿಯುವುದು ಅಲ್ಲೇ. ಯುಕುಲೇಲಿಯ ನಾಲ್ಕನೆಯ ತಂತಿ ದಪ್ಪಸ್ವರದ್ದಲ್ಲ. ಪಕ್ಕದ ಸಿ, ಇಗಳಿಗಿಂತ ಮೇಲಿನ ಜಿ. ತಂತಿಗಳ ಸಾಲಿನಲ್ಲಿ ಮೀಟುತ್ತ ಹೋದರೆ ನಾದ ಮೇಲಿನಿಂದ ಧುಮುಕಿ ಮತ್ತೆ ಹತ್ತುತ್ತದೆ. ನಿಜವಾದ ಆರೋಹಣ ಬೇಕಾದರೆ ಸಿ, ಇ, ಜಿ, ಎ ಎಂದು ಮೀಟಬೇಕು: ತೋರುಬೆರಳು, ನಡುಬೆರಳು, ಹೆಬ್ಬೆರಳು, ಉಂಗುರಬೆರಳು. ಮೆಟ್ರೊನೋಮ್ 60ರಲ್ಲಿದ್ದಾಗಲೂ ಹೆಬ್ಬೆರಳು ಮೂರನೆಯ ಸರದಿಗೆ ಕಾಯಲು ಒಪ್ಪುವುದಿಲ್ಲ. ತಗ್ಗಿನ ಜಿ ತಂತಿ ಕಟ್ಟಿಕೊಂಡು ಈ ಕಷ್ಟದಿಂದ ಪಾರಾದವರನ್ನು ಸಂಪ್ರದಾಯಸ್ಥರು ಧರ್ಮಭ್ರಷ್ಟರೆಂದೇ ಬಗೆಯುತ್ತಾರೆ.

ಕರ್ನಾಟಕ ಸಂಗೀತದ ಆಶ್ರಯ ಕೇಳೋಣವೆಂದರೆ ಅಲ್ಲೂ ತಕರಾರು. ಜಿ ಆಲ್ಟರ್ಡ್ ಸ್ಕೇಲ್ ಎಂದರೆ ಎ-ಫ್ಲಾಟ್ ಷಡ್ಜದ ಗೌರಿಮನೋಹರಿಯನ್ನು ನಿಷಾದದಿಂದ ಗ್ರಹಭೇದ ಮಾಡಿದ್ದು. ತಾಯಿ 23ನೇ ಮೇಳ. ಮಗುವಿಗೆ ಮಾತ್ರ ಪಂಚಮವಿಲ್ಲ, ಗಾಂಧಾರ ಎರಡು. 72 ಮೇಳಕರ್ತಗಳ ಯಾವ ಮನೆಯಲ್ಲೂ ಜಾಗವಿಲ್ಲ.

ಕೊನೆಯ ವಿವಾದ 1-1-1-2ರದ್ದೇ. ಅದು ಜಿಯಿಲ್ಲದ ಜಿ-ಸೆವೆನ್, ಜಿ ಕೇಳುಗನ ಕಿವಿಯಲ್ಲಿದೆ ಎನ್ನುತ್ತದೆ ಒಂದು ಪಂಗಡ. ಅಲ್ಲ, ಅದು ಅಪ್ಪಟ ಡಿ-ಫ್ಲಾಟ್ ಸೆವೆನ್, ಟ್ರೈಟೋನ್ ಸಬ್‌ಸ್ಟಿಟ್ಯೂಷನ್ ಎನ್ನುತ್ತದೆ ಇನ್ನೊಂದು. ಬೇಸ್ ನುಡಿಸುವವನೊಬ್ಬ ಬಂದು ಜಿ ಮೀಟುವ ತನಕ ಎರಡೂ ಪಂಗಡಗಳು ಅವೇ ಫ್ರೆಟ್ಟುಗಳನ್ನು ಒತ್ತಿಕೊಂಡು ಜಗಳವಾಡುತ್ತಿರುತ್ತವೆ.