ಸಿ ಡ್ರೈವಿನ ಚಕ್ಕುಬಂದಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿಕೊಂಡ ತಲೆಮಾರಿಗೆಲ್ಲ ಒಂದು ಮಂತ್ರೋಪದೇಶ ಆಗಿರುತ್ತದೆ. ಅಂಗಡಿ ಹುಡುಗ ಕೊನೆಯ ಸ್ಕ್ರೂ ತಿರುಗಿಸಿ, ವಿಂಡೋಸ್ ಹಾಕಿ, ಕೈ ಒರೆಸಿಕೊಳ್ಳುತ್ತಾ ಹೇಳುತ್ತಿದ್ದ: “ಸಿ ಡ್ರೈವಲ್ಲಿ ಏನೂ ಇಡ್ಬೇಡಿ ಸಾರ್. ಕರಪ್ಟ್ ಆದ್ರೆ ಎಲ್ಲಾ ಹೋಗ್ಬಿಡುತ್ತೆ. ಡಿನಲ್ಲಿ ಇಟ್ಕೊಳ್ಳಿ.” ನಮ್ಮನ್ನು ಒಂದು ಮಾತೂ ಕೇಳದೆ ಅವನು ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ನಾಲ್ಕು ಪಾಲು ಮಾಡಿಟ್ಟಿರುತ್ತಿದ್ದ. ಎ, ಬಿ ಎಲ್ಲಿ ಹೋದವು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವೆರಡೂ ಫ್ಲಾಪಿಗೆ ಮೀಸಲು. ಫ್ಲಾಪಿ ತೀರಿಕೊಂಡು ಎಷ್ಟೋ ಕಾಲವಾಯಿತು, ಅದರ ಕುರ್ಚಿಯಲ್ಲಿ ಮಾತ್ರ ಇವತ್ತಿಗೂ ಯಾರೂ ಕೂತಿಲ್ಲ.

ಮನೆಗೆ ತಂದ ಮೇಲೆ ನಾಮಕರಣ. ಡಿಗೆ ‘ಆಫೀಸ್’, ಇಗೆ ‘ಸಾಂಗ್ಸ್’, ಎಫ್‌ಗೆ ‘ಪರ್ಸನಲ್’. ಪರ್ಸನಲ್ ಅನ್ನು ಮನೆಮಂದಿಯೆಲ್ಲ ತೆರೆದು ನೋಡುತ್ತಿದ್ದರು, ಆಫೀಸಿನತ್ತ ಯಾರೂ ತಲೆ ಹಾಕುತ್ತಿರಲಿಲ್ಲ. ಇಷ್ಟೆಲ್ಲ ಜಾಗ್ರತೆ ಮಾಡಿದರೂ ಕೆಲವೇ ತಿಂಗಳಲ್ಲಿ ಸಿ ಭರ್ತಿಯಾಗಿ ಕೆಂಪು ಪಟ್ಟಿ ತೋರಿಸುತ್ತಿತ್ತು. ಡೆಸ್ಕ್‌ಟಾಪ್, ಮೈ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರುವುದು ಸಿ ಒಳಗೇ ಎಂದು ಮಂತ್ರ ಕೊಟ್ಟವನು ಹೇಳಿರಲಿಲ್ಲವಲ್ಲ! “ಸಿನಲ್ಲಿ ನಾನೇನೂ ಇಟ್ಟಿಲ್ಲಪ್ಪ, ಎಲ್ಲಾ ಡೆಸ್ಕ್‌ಟಾಪಿನಲ್ಲೇ ಇಟ್ಟಿದ್ದೀನಿ” ಎಂದು ಆಣೆ ಮಾಡುವವರು ಈಗಲೂ ಸಿಗುತ್ತಾರೆ. ಇನ್ನು ಡಿಸ್ಕೇ ಕೈಕೊಟ್ಟರೆ ನಾಲ್ಕೂ ಅಕ್ಷರ ಒಂದೇ ದಿನ, ಒಂದೇ ಮುಹೂರ್ತದಲ್ಲಿ ಹೋಗುತ್ತವೆ. ಮಂತ್ರದಲ್ಲಿ ಅದಕ್ಕೆ ಪರಿಹಾರ ಇರಲಿಲ್ಲ.

ಆದರೂ ಪಾಲು ಮಾಡುವುದರಲ್ಲಿ ಒಂದು ಸುಖ ಇದೆ ಎಂದು ನನ್ನ ಅಭಿಪ್ರಾಯ. ಆ ಸುಖ ನಮ್ಮ ಮನೆಗೆ ಮತ್ತೆ ಬಂದದ್ದು ವಿಂಡೋಸ್ 10ರ ದೆಸೆಯಿಂದ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಇಂಥ ತಲೆಮಾರಿನದೇ ಆಗಬೇಕು. ನಮ್ಮ ಹಳೇ ಡೆಸ್ಕ್‌ಟಾಪಿನ ಜಾತಕ ಯಾವುದಕ್ಕೂ ಕೂಡಿಬರಲಿಲ್ಲ. ಅಕ್ಕನ ಮಗ ಬಂದು ನೋಡಿ, “ಮಾವ, 500 ಜಿಬಿದೊಂದು ಎಸ್‌ಎಸ್‌ಡಿ ಹಾಕ್ಸಿ, ಉಬುಂಟು ಹಾಕೋಣ, ಇನ್ನೂ ಓಡುತ್ತೆ” ಎಂದ.

“ನನ್ನ ನುಡಿ?” ಎಂದಳು ನನ್ನಾಕೆ.

ಅವಳು ಮಹಿಳಾ ಸಮಾಜದ ಕಾರ್ಯದರ್ಶಿ. ವರದಿ, ಆಹ್ವಾನಪತ್ರಿಕೆ, ಅಧ್ಯಕ್ಷರ ಭಾಷಣ ಎಲ್ಲವೂ ನುಡಿಯ ಹಳೇ ಫಾಂಟಿನಲ್ಲಿ ಇವೆ. “ಯೂನಿಕೋಡ್‌ಗೆ ಬದಲಾಯಿಸಬಹುದು ಅತ್ತೆ” ಎಂದ ಹುಡುಗ. “ಬದಲಾಯಿಸಿದ್ದನ್ನ ನೋಡಿದ್ದೀನಿ ಬಿಡೋ. ಅರ್ಧ ಒತ್ತಕ್ಷರ ಪಕ್ಕದ ಪದಕ್ಕೆ ಹೋಗಿ ಕೂತಿರುತ್ತೆ” ಎಂದಳು. ಅಲ್ಲಿಗೆ ತೀರ್ಮಾನವಾಯಿತು: ಅವಳ ವಿಂಡೋಸು ಇಂಟರ್ನೆಟ್ಟಿನ ಸಹವಾಸ ಬಿಟ್ಟು ಒಂದು ಮೂಲೆಯಲ್ಲಿ ಇರುತ್ತದೆ, ನನ್ನ ಉಬುಂಟು ಇನ್ನೊಂದರಲ್ಲಿ. ಒಂದೇ ಡಿಸ್ಕು, ಎರಡು ಸಂಸಾರ. ಗಡಿ ಹಾಕದೆ ವಿಧಿಯಿರಲಿಲ್ಲ.

ನಾನು ಗ್ರಾಫ್ ಶೀಟ್ ಕೊಂಡು ತಂದೆ. ಒಂದು ಚೌಕಕ್ಕೆ 5 ಜಿಬಿ, ಬಣ್ಣದ ಪೆನ್ಸಿಲು. ವಿಂಡೋಸಿಗೆ ಹಳದಿ, ಲಿನಕ್ಸಿಗೆ ನೀಲಿ. ಆಮೇಲೆ ಶುರುವಾಯಿತು ನನ್ನ ಮುಂದಿನ ಬಾಳಿನ ಚಿತ್ರ: ‘ಸಂಗೀತ’ 60 ಜಿಬಿ (ಕಲಿಯಬೇಕೆಂದಿದ್ದೇನೆ), ‘ಪ್ರವಾಸ’ 80, ‘ಕಾದಂಬರಿ’ 40. ಯೂನಿಕೋಡಿನಲ್ಲಿ ಉಳಿಸುವಾಗ ಕನ್ನಡದ ಒಂದೊಂದು ಸಂಕೇತಕ್ಕೂ ಸಾಮಾನ್ಯವಾಗಿ ಮೂರು ಬೈಟ್ ಹಿಡಿಯುತ್ತದೆ. ಲಕ್ಷ ಪದದ ಕಾದಂಬರಿ ಎಂದರೂ ಮೂರು ಎಂಬಿ ಆಸುಪಾಸು. 40 ಜಿಬಿ ಎಂದರೆ ಹದಿಮೂರು ಸಾವಿರ ಕಾದಂಬರಿಗೆ ಜಾಗ. ಸದ್ಯಕ್ಕೆ ಶೀರ್ಷಿಕೆ ಸಿದ್ಧವಿದೆ. ಮನುಷ್ಯ ತಾನು ಏನಾಗಬೇಕೆಂದಿದ್ದಾನೆ ಎಂಬುದನ್ನು ಜಿಬಿ ಲೆಕ್ಕದಲ್ಲಿ ಬರೆದಿಡುವ ಇನ್ನೊಂದು ಕಾಗದ ನನಗೆ ಗೊತ್ತಿಲ್ಲ.

“ಇಷ್ಟೊಂದು ಯಾಕೆ ಮಾವ? ರೂಟು, ಹೋಮು, ಎರಡು ಸಾಕು. ಒಂದೇ ಆದ್ರೂ ನಡಿಯುತ್ತೆ” ಎಂದ ಅಳಿಯ. ಹೋಮ್ ಬೇರೆ ಇದ್ದರೆ ನಾಳೆ ಉಬುಂಟುವನ್ನು ಕಿತ್ತು ಬೇರೆಯದು ಹಾಕಿದರೂ ನಮ್ಮ ಫೈಲು ಕದಲುವುದಿಲ್ಲ, ಅಷ್ಟೇ ಲಾಭ ಎಂದ. ನಾನು ಬಿಡಲಿಲ್ಲ. ಯುಎಸ್‌ಆರ್, ವಾರ್, ಟೆಂಪ್ ಎಲ್ಲಕ್ಕೂ ಒಂದೊಂದು ಕೋಣೆ ಕಟ್ಟಿಸುವ ಹಿರಿಯರ ಸಂಪ್ರದಾಯ ಇದೆಯಲ್ಲ ಎಂದೆ. ಅದಕ್ಕವನು ಹೇಳಿದ ಕಥೆ ಕೇಳಿ ನನ್ನ ಶ್ರದ್ಧೆ ಸ್ವಲ್ಪ ಅಲುಗಾಡಿತು. 1970ರ ದಶಕದ ಆರಂಭದಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟುತ್ತಿದ್ದಾಗ ಅದು ಬೆಳೆದು ಮೊದಲ ಡಿಸ್ಕಿನಲ್ಲಿ ಹಿಡಿಸದೆ ಹೋಯಿತು. ಬಳಕೆದಾರರ ಫೈಲುಗಳಿದ್ದ ಎರಡನೇ ಡಿಸ್ಕಿಗೆ, ಅಂದರೆ ಯುಎಸ್‌ಆರ್‌ಗೆ, ಒಂದಿಷ್ಟು ಸಾಮಾನು ಸಾಗಿಸಿದರು. ಜಾಗ ಸಾಲದ್ದಕ್ಕೆ ಮಾಡಿದ ವ್ಯವಸ್ಥೆ ಅದು. ಆಮೇಲೆ ಬಂದವರು ಯಾವ ಪ್ರೋಗ್ರಾಂ ಈಚೆ ಇರಬೇಕು, ಯಾವುದು ಆಚೆ ಇರಬೇಕು ಎಂದು ಅದಕ್ಕೆ ಭಾಷ್ಯ ಬರೆದರು, ವಾದ ಮಾಡಿದರು. 2012ರಲ್ಲಿ ಫೆಡೋರಾ 17 ಆ ಎರಡೂ ಕಡೆಯ ಪ್ರೋಗ್ರಾಂಗಳನ್ನು ಮತ್ತೆ ಒಂದು ಮಾಡಿತು. ನಲವತ್ತು ವರ್ಷದ ಶಾಸ್ತ್ರ!

ಸ್ವಾಪಿನದೂ ಇದೇ ಪಾಡು. ರ‍್ಯಾಮಿನ ಎರಡರಷ್ಟು ಎಂದು ನಾನು ಹೇಳಿದೆ. ರ‍್ಯಾಮು ಅಂಗೈಯಷ್ಟಿದ್ದ ಕಾಲದ ಸೂತ್ರ ಅದು. 2017ರಿಂದಲೇ ಉಬುಂಟು ಸ್ವಾಪಿಗೆ ಪಾರ್ಟಿಷನ್ ಕೇಳುವುದನ್ನು ಬಿಟ್ಟು ಒಂದು ಫೈಲಿನಲ್ಲಿ ಸುಧಾರಿಸಿಕೊಳ್ಳುತ್ತಿದೆಯಂತೆ. ನಾಲ್ಕು ಚೌಕ ಅಳಿಸಿದೆ.

ಡಿಸ್ಕು ಬಂತು. ಜೋಡಿಸಿ ನೋಡಿದರೆ ವಿಂಡೋಸ್ ಹೇಳಿತು: 465 ಜಿಬಿ.

“ರೀ, ದುಡ್ಡು ಕೊಟ್ಟಿದ್ದು ಐನೂರಕ್ಕೆ ತಾನೆ? ಮೂವತ್ತೈದು ಎಲ್ಲಿ?” ಎಂದು ನನ್ನಾಕೆ ನನ್ನ ಮುಖ ನೋಡಿದಳು, ನಾನೇ ಜೇಬಿಗೆ ಹಾಕಿಕೊಂಡವನ ಹಾಗೆ. ಡಿಸ್ಕು ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಅಳೆಯುತ್ತದೆ, ಕೆಬಿ ಎಂಬಿ ಜಿಬಿ ಅಂತ ಮೂರು ಸಲ ಆ ವ್ಯತ್ಯಾಸ ಗುಣಿಸಿಕೊಂಡು ಬರುತ್ತದೆ ಎಂದು ಅಳಿಯ ಬಿಡಿಸಿ ಹೇಳಿದ. “ಉಬುಂಟುನಲ್ಲಿ ನೋಡಿದ್ರೆ ಇದೇ ಡಿಸ್ಕು ಐನೂರು ಅಂತಲೇ ತೋರ್ಸುತ್ತೆ ಅತ್ತೆ.” ಅವಳಿಗೆ ಉಬುಂಟುವಿನ ಮೇಲೆ ಮೊದಲ ಸಲ ಗೌರವ ಹುಟ್ಟಿತು. ಮೂವತ್ತೈದು ಜಿಬಿ ಹೆಚ್ಚಿಗೆ ಕೊಡುವ ಸಿಸ್ಟಮ್ಮನ್ನು ಬಿಟ್ಟು ಇಷ್ಟು ವರ್ಷ ಯಾಕೆ ಕಡಿಮೆ ಕೊಡುವುದನ್ನು ಸಾಕಿದಿರಿ ಎಂದು ಕೇಳಿದಳು.

ಈ ಗಲಾಟೆಗೆ ಒಳಕೋಣೆಯಿಂದ ನಮ್ಮಪ್ಪ ಎದ್ದು ಬಂದರು. ಅವರು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತರಾದವರು. 33 ಅಡಿ ಸರಪಳಿ ಹಿಡಿದು ತಾಲ್ಲೂಕು ಸುತ್ತಿದ ಕಾಲು. “ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಕೊಳ್ಳೋವಾಗ ಒಂದು ಗುಂಟೆ, ಉಳೋವಾಗ ಇನ್ನೊಂದು ಗುಂಟೆ ಅಂತ ಇರಕ್ಕಾಗುತ್ತೇನೋ? ಅಳತೆಕೋಲೇ ಎರಡಿದ್ದ ಮೇಲೆ ವ್ಯಾಜ್ಯ ಬರದೆ ಇನ್ನೇನು” ಎಂದವರೇ ನನ್ನ ಗ್ರಾಫ್ ಶೀಟನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಏರಿಸಿ, “ಚಕ್ಕುಬಂದಿ ಎಲ್ಲಿ?” ಎಂದರು.

ಆಮೇಲಿನ ಸಂಭಾಷಣೆ ಅಪ್ಪನಿಗೂ ಅಳಿಯನಿಗೂ ಮಧ್ಯೆ ನಡೆಯಿತು. ಸ್ವಂತ ಯೋಜನೆಯಲ್ಲಿ ನಾನು ಸಾಕ್ಷಿಯಾದೆ.

ಯಾರ ಪಾಲು ಎಲ್ಲಿಂದ ಎಲ್ಲಿಗೆ ಎಂಬುದನ್ನು ಡಿಸ್ಕಿನ ತಲೆಯಲ್ಲೇ ಒಂದು ಪಟ್ಟಿಯಲ್ಲಿ ಬರೆದಿರುತ್ತಾರೆ ಎಂದ ಹುಡುಗ. “ಪಹಣಿ” ಎಂದರು ಅಪ್ಪ. ಹಳೆಯ ಪದ್ಧತಿ 1983ರದು, ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಬಂದಾಗಿನದು. ಆ ಪಟ್ಟಿಗೆ ಒಟ್ಟು 64 ಬೈಟು, ಸಾಲಿಗೆ 16ರಂತೆ ನಾಲ್ಕೇ ಸಾಲು. “ಐದನೇ ಮಗ ಹುಟ್ಟಿದರೆ?” ಎಂದರು ಅಪ್ಪ. ನಾಲ್ಕರಲ್ಲಿ ಒಂದನ್ನು ‘ಎಕ್ಸ್‌ಟೆಂಡೆಡ್’ ಅಂತ ಮಾಡಿ ಅದರೊಳಗೆ ಮತ್ತೆ ಒಡೆಯುವುದು, ಒಳಗಿನವಕ್ಕೆ ಲಿನಕ್ಸು ಐದರಿಂದ ನಂಬರ್ ಕೊಡುತ್ತದೆ, ಮೂರು ನಾಲ್ಕು ಇಲ್ಲದಿದ್ದರೂ ಐದು ಇರಬಹುದು. “ಪೋಡಿ ನಂಬರು ಹಾಗೇ ಬರೋದು” ಎಂದು ಅಪ್ಪ ತಲೆದೂಗಿದರು. ಹೊಸ ಪದ್ಧತಿ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಸಾಲು, ಅಲ್ಲದೆ ಅದೇ ಪಟ್ಟಿಯ ನಕಲು ಡಿಸ್ಕಿನ ಕೊನೆಯಲ್ಲಿ ಇನ್ನೊಂದು. ನಕಲು ಎಂದ ಕೂಡಲೇ ಅವರ ಮುಖ ಅರಳಿತು. ದಾಖಲೆ ಕೊಠಡಿಗೆ ಗೆದ್ದಲು ಹತ್ತಿದ ತಾಲ್ಲೂಕು ಕಚೇರಿಗಳನ್ನು ಕಂಡವರು.

ವಿಂಡೋಸ್ ಹಾಕುವಾಗ ತನ್ನಷ್ಟಕ್ಕೆ ತಾನೇ 100 ಎಂಬಿಯದೊಂದು ಇಎಫ್‌ಐ, 16 ಎಂಬಿಯದೊಂದು ಮೀಸಲು, ಕೊನೆಗೆ ರಿಕವರಿ ಎಂದು ಇನ್ನೊಂದು ಚೂರು ತೆಗೆದುಕೊಳ್ಳುತ್ತದೆ ಎಂಬುದಕ್ಕೂ ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ದಾರಿ, ಹಳ್ಳ, ಬಂಡಿ ಜಾಡು. ಬ ಖರಾಬು. ಯಾರಿಗೂ ಸೇರಿದ್ದಲ್ಲ, ಯಾರೂ ಮುಟ್ಟೋ ಹಾಗಿಲ್ಲ.”

ಹಳೇ ಡಿಸ್ಕಿನ ಸಿ ಯಾಕೆ ಸದಾ ಕೆಂಪಾಗಿತ್ತು, ಪಕ್ಕದಲ್ಲಿ ಎಫ್ ಬಣಗುಡುತ್ತಿದ್ದರೂ ಯಾಕೆ ಎತ್ತಿ ಕೊಡಲಾಗಲಿಲ್ಲ ಎಂದು ನಾನು ಕೇಳಿದೆ. ಉತ್ತರ ಕೊಟ್ಟವರು ಅಪ್ಪ! “ಎಫ್ ಎಲ್ಲಿ, ಸಿ ಎಲ್ಲಿ? ನಡುವೆ ಇಬ್ಬರ ಜಮೀನಿದೆ.” ಅದು ಅಕ್ಷರಶಃ ನಿಜ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಬೆಳೆಯಬೇಕಾದರೆ ಖಾಲಿ ಜಾಗ ಅದರ ಬಲಗಡೆಗೆ ಅಂಟಿಕೊಂಡಿರಬೇಕು. ಡಿಯನ್ನು ಕುಗ್ಗಿಸಿದರೆ ಬಿಡುವು ಸಿಗುವುದು ಡಿಯ ಆಚೆ ತುದಿಯಲ್ಲಿ, ಸಿ ಪಕ್ಕದಲ್ಲಿ ಅಲ್ಲ. ಅದನ್ನು ಈಚೆಗೆ ತರಬೇಕೆಂದರೆ ಜಿಪಾರ್ಟೆಡ್‌ನಂಥದ್ದನ್ನು ಹಿಡಿದು ಇಡೀ ಡಿಯನ್ನೇ ಒಳಗಿನ ಸಾಮಾನು ಸಮೇತ ಬಲಕ್ಕೆ ಜರುಗಿಸಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟು ಹೋದರೆ ಡಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ. “ಬಾಂದು ಕಲ್ಲು ಕೀಳೋದು ಸುಲಭ, ಎತ್ತಿನ ಸಮೇತ ಹೊಲ ಹೊರೋದು ಕಷ್ಟ” ಎಂದರು ಅಪ್ಪ.

ಅವರನ್ನು ನಿಜವಾಗಿ ಕಂಗೆಡಿಸಿದ್ದು ಎಸ್‌ಎಸ್‌ಡಿ. ತಿರುಗುವ ಹಳೆಯ ಡಿಸ್ಕಿನಲ್ಲಾದರೆ ಮೊದಲ ಪಾಲು ತಟ್ಟೆಯ ಹೊರ ಅಂಚಿನಲ್ಲಿ ಇರುತ್ತಿತ್ತು, ಅಲ್ಲಿ ಓದುಬರಹ ಚುರುಕು. ಅದಕ್ಕೇ ಸಿಸ್ಟಮ್ಮನ್ನು ಮೊದಲು ಕೂರಿಸುವುದರಲ್ಲಿ ಅರ್ಥ ಇತ್ತು. ಎಸ್‌ಎಸ್‌ಡಿಯಲ್ಲಿ ಯಾವ ಮೂಲೆಯೂ ಒಂದೇ. ಮೇಲಾಗಿ ಒಂದೇ ಜಾಗ ಸವೆಯದಿರಲಿ ಎಂದು ಅದರೊಳಗಿನ ಕಂಟ್ರೋಲರ್ ಎಲ್ಲರ ದತ್ತಾಂಶವನ್ನೂ ಎಲ್ಲೆಲ್ಲೋ ಹರಡಿ ಬರೆಯುತ್ತದೆ. ವಿಂಡೋಸಿನ ಫೈಲಿನ ಮಗ್ಗುಲಲ್ಲೇ ಲಿನಕ್ಸಿನದು ಮಲಗಿರಬಹುದು.

“ಅಂದ್ರೆ ಸ್ಥಳದಲ್ಲಿ ಗಡಿಯೇ ಇಲ್ಲ?”

“ಇಲ್ಲ ತಾತ.”

“ಕಾಗದದಲ್ಲಿ ಮಾತ್ರ ಇದೆ?”

“ಹೂಂ.”

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, “ಹಾಗಿದ್ರೆ ಇದು ನಮ್ಮ ಇಲಾಖೆಯೇ ಸರಿ” ಎಂದು ಪೆನ್ಸಿಲು ಕೈಗೆತ್ತಿಕೊಂಡರು.

ನನ್ನ ಸಂಗೀತ, ಪ್ರವಾಸ, ಕಾದಂಬರಿ ಮೂರನ್ನೂ ಒಂದೇ ಗೀಟಿನಲ್ಲಿ ಹೊಡೆದು ಹೋಮಿಗೆ ಸೇರಿಸಿದರು. ವಿಂಡೋಸಿಗೆ 150, ರೂಟಿಗೆ 50, ಹೋಮಿಗೆ 200. ಉಳಿದ 65ಕ್ಕೆ ಯಾವ ಬಣ್ಣವನ್ನೂ ಹಚ್ಚದೆ ಎರಡು ಸಂಸಾರದ ನಡುವೆ ಬಿಟ್ಟು ‘ಗೋಮಾಳ’ ಎಂದು ಬರೆದರು. ಯಾರಿಗೆ ಯಾವಾಗ ಎಷ್ಟು ಬೇಕಾಗುತ್ತದೋ, ಊರಿಗೆ ಒಂದಿಷ್ಟು ಖಾಲಿ ಇರಲಿ ಎಂದರು. ಇದೊಂದು ವಿಷಯದಲ್ಲಿ ಅಳಿಯ ಎದುರಾಡಲಿಲ್ಲ. ಬಲ್ಲವರೂ ಹಾಗೇ ಬಿಡುತ್ತಾರಂತೆ. ಮೊದಲು ವಿಂಡೋಸು, ಆಮೇಲೆ ಉಬುಂಟು. ‘ಇಡೀ ಡಿಸ್ಕ್ ಅಳಿಸಿ ಹಾಕಲೇ?’ ಎಂದು ಅದು ಬಹಳ ವಿನಯದಿಂದ ಕೇಳಿದಾಗ ಮೂವರೂ ಒಟ್ಟಿಗೆ “ಬೇಡ” ಎಂದೆವು. ಯೋಜನೆಗೆ ಹಿಡಿದ ಕಾಲಕ್ಕೆ ಹೋಲಿಸಿದರೆ ಇನ್‌ಸ್ಟಾಲ್ ಆಗಿದ್ದು ಚಿಟಿಕೆ ಹೊಡೆದ ಹಾಗೆ.

ಖಾಲಿ ಜಾಗಕ್ಕೆ ಮಾತ್ರ ನಮ್ಮಲ್ಲಿ ಆಯುಸ್ಸು ಕಡಿಮೆ. ಸಮಾಜದ ವಾರ್ಷಿಕೋತ್ಸವದ ವಿಡಿಯೋ ಪೆನ್‌ಡ್ರೈವುಗಟ್ಟಲೆ ಬಂದ ಮೇಲೆ ನನ್ನಾಕೆ ಅಳಿಯನಿಗೆ ಫೋನು ಮಾಡಿದಳು. “ಆ ಅರವತ್ತೈದು ಸುಮ್ನೆ ಬಿದ್ದಿದೆಯಲ್ಲೋ. ನನ್ನ ಕಡೆಗೆ ಸೇರ್ಸು.” ಆಗುತ್ತದೆ, ಆದರೆ ಸಿಗೂ ಖಾಲಿ ಜಾಗಕ್ಕೂ ನಡುವೆ ಆ ರಿಕವರಿ ಚೂರು ಅಡ್ಡ ಇದೆ, ಮೊದಲು ಅದನ್ನು ಸರಿಸಬೇಕು ಎಂದ ಅವನು.

“ಬ ಖರಾಬು ಒತ್ತುವರಿ!” ಎಂದು ಒಳಗಿನಿಂದ ಅಪ್ಪನ ದನಿ ಬಂತು. “ಗೋಮಾಳ ಬೇಕಾದ್ರೆ ಫಾರಂ 57ರಲ್ಲಿ ಅರ್ಜಿ ಹಾಕಮ್ಮ.”

ಅವಳೂ ಬಿಡುವವಳಲ್ಲ. ನುಡಿಯಲ್ಲಿ ಅಚ್ಚುಕಟ್ಟಾಗಿ ಅರ್ಜಿ ಟೈಪು ಮಾಡಿ, ಕಾರ್ಯದರ್ಶಿಯ ಮೊಹರು ಒತ್ತಿ, ಕಾಫಿಯ ಜೊತೆ ತಂದು ಅವರ ಮುಂದಿಟ್ಟಳು. ಅಪ್ಪ ಕಾಫಿ ಪೂರ್ತಿ ಕುಡಿದು, ಅರ್ಜಿಯನ್ನು ಎರಡು ಸಲ ಓದಿ, ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಷರಾ ಬರೆದರು: ‘ಸ್ಥಳ ತನಿಖೆ ಮಾಡಿ, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು, ವರದಿ ಬಂದ ನಂತರ ಮಂಡಿಸುವುದು.’ ಅಕ್ಕಪಕ್ಕದ ಹಿಡುವಳಿದಾರ ಅಂದರೆ ನಾನು. ನೋಟಿಸ್ ತಲುಪಿದೆ, ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನ ಕಾಲಾವಕಾಶ ಕೇಳಿದ್ದೇನೆ.